ಓದುಗರ ಪ್ರಶ್ನೆ: ಫಿನ್ಲೆಂಡಿನ ಕಾಡುಮನೆಗೆ ಮಗಳು ಹೋಗಲೇ?

ಪ್ರಶ್ನೆ: ನನ್ನ ಮಗಳು ಫಿನ್ಲೆಂಡಿನ ತಾಂಪೆರೆಯಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಬರುವ ‘ಯುಹನ್ನುಸ್’ ಹಬ್ಬಕ್ಕೆ ಸಹಪಾಠಿಗಳು ಕಾಡಿನೊಳಗೆ ಸರೋವರದ ದಂಡೆಯಲ್ಲಿರುವ ಮನೆಗೆ ಕರೆದಿದ್ದಾರಂತೆ. ಹುಡುಗರೂ ಇದ್ದಾರೆ. ಅಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಸೌನಾ ಎಂಬ ಬಿಸಿ ಹಬೆಯ ಕೋಣೆಯಲ್ಲಿ ಬಟ್ಟೆಯಿಲ್ಲದೆ ಕೂರುತ್ತಾರೆ ಎಂದು ಕೇಳಿ ನನಗೆ ನಿದ್ದೆ ಹತ್ತುತ್ತಿಲ್ಲ. ನಾವು ಸಸ್ಯಾಹಾರಿಗಳು. ಅವಳಿಗೆ ಈಜೂ ಬಾರದು. ಬೇಡವೆನ್ನಲೇ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಬೇಡವೆನ್ನಬೇಡಿ, ತಾಯಿ. ತಾಂಪೆರೆಯಲ್ಲಿ ಹಲವು ವರ್ಷ ಸಂಸಾರ ಮಾಡಿದವಳು ನಾನು. ಅಲ್ಲಿನವರು ಮಾತು ಕಡಿಮೆ, ಮನೆಗೆ ಕರೆಯುವುದು ಇನ್ನೂ ಕಡಿಮೆ. ಅಂಥವರು ‘ಮೊಕ್ಕಿ’ಗೆ, ಅಂದರೆ ತಮ್ಮ ಬೇಸಿಗೆಯ ಮರದ ಮನೆಗೆ ಕರೆದಿದ್ದಾರೆ ಎಂದರೆ ನಿಮ್ಮ ಮಗಳನ್ನು ತಮ್ಮವಳೆಂದು ಬಗೆದಿದ್ದಾರೆ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ ಇಂಥ ಮನೆಗಳು 5 ಲಕ್ಷದಷ್ಟಿವೆ. ಅಜ್ಜ ಕಟ್ಟಿದ ಮನೆಗೆ ಕರೆಂಟು ಎಳೆಸಲು ಮೊಮ್ಮಕ್ಕಳೇ ಒಪ್ಪದ ಕುಟುಂಬಗಳನ್ನು ನಾನು ಬಲ್ಲೆ.

ಸೌನಾದ ವಿಷಯದಲ್ಲಿ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಗೆಳೆಯರ ಗುಂಪು ಹೋದಾಗ ಸಾಮಾನ್ಯವಾಗಿ ಹೆಂಗಸರದು ಒಂದು ಸರದಿ, ಗಂಡಸರದು ಇನ್ನೊಂದು. ಈಜುಡುಗೆ ತೊಟ್ಟು, ಟವೆಲ್ ಸುತ್ತಿಕೊಂಡು ಕುಳಿತರೆ ಯಾರೂ ಏನೂ ಅನ್ನುವುದಿಲ್ಲ. ಅದು ಅವರಿಗೆ ಮೋಜಿನ ಜಾಗವಲ್ಲ. ಹಿಂದೆ ಹೆರಿಗೆಯೂ ಅಲ್ಲೇ ಆಗುತ್ತಿತ್ತು, ಸತ್ತವರನ್ನು ತೊಳೆಯುತ್ತಿದ್ದುದೂ ಅಲ್ಲೇ. 2020ರಲ್ಲಿ ಯುನೆಸ್ಕೊ ಈ ಸೌನಾ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಲೆನಾಡಿನ ಬಚ್ಚಲೊಲೆಯ ಮುಂದೆ ಕೂತು ಬೆಳೆದ ಹುಡುಗಿಗೆ ಸೌದೆಯ ಬಿಸಿ, ಹೊಗೆಯ ವಾಸನೆ ಹೊಸತೇನೂ ಆಗಲಾರದು. ಬರ್ಚ್ ಮರದ ಎಳೆಯ ಕೊಂಬೆಗಳನ್ನು ಎಲೆ ಸಮೇತ ಕೈಹಿಡಿಯಷ್ಟು ದಪ್ಪಕ್ಕೆ ಕಟ್ಟಿ, ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿಡುತ್ತಾರೆ. ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದಾಗ ಬುಸ್ಸೆಂದು ಏಳುವ ಹಬೆಯಲ್ಲಿ ಆ ಕಟ್ಟಿನಿಂದ ಬೆನ್ನು, ಭುಜ, ಕಾಲುಗಳಿಗೆ ಮೆಲ್ಲಗೆ ಬಡಿದುಕೊಳ್ಳುವುದು. ಹಸಿ ಎಲೆಯ ಘಮ ಕೋಣೆ ತುಂಬುತ್ತದೆ, ಒಂದೆರಡು ಎಲೆ ಮೈಗೆ ಅಂಟಿಯೇ ಇರುತ್ತವೆ. ಸೆಖೆ ಹೆಚ್ಚಾದರೆ ಎದ್ದು ಹೊರಬರಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಊಟದ ಚಿಂತೆ ಬಿಡಿ. ಯುಹನ್ನುಸ್ ಹೊಸ ಆಲೂಗಡ್ಡೆಯ ಕಾಲ. ಗೋಲಿಯಂಥ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕಿ ತಿನ್ನುತ್ತಾರೆ. ಹೌದು, ನಮ್ಮದೇ ಸಬ್ಬಸಿಗೆ. ಉಳಿದವರು ಅದರ ಜೊತೆ ಹೆರಿಂಗ್ ಮೀನು, ಸುಟ್ಟ ಸಾಸೇಜು ತಿನ್ನುತ್ತಾರೆ. ಒಂದೇ ಕಂಬಿಯ ಮೇಲೆ ಎಲ್ಲ ಸುಡುವುದರಿಂದ ಮಗಳು ತನ್ನ ತರಕಾರಿಗೆ ಅಲ್ಯೂಮಿನಿಯಂ ಹಾಳೆ ಒಯ್ಯಲಿ. ಚಟ್ನಿಪುಡಿಯನ್ನೂ ಒಯ್ಯಲಿ; ಬೆಣ್ಣೆ ಆಲೂಗಡ್ಡೆಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ.

ಶೌಚಾಲಯ ಮನೆಯಿಂದ ತುಸು ದೂರ ಇರುತ್ತದೆ, ನೀರಿನ ಬದಲು ಮರದ ಹೊಟ್ಟು ಹಾಕುವಂಥದು. ಸೊಳ್ಳೆ ವಿಪರೀತ. ರಾತ್ರಿ 11 ದಾಟಿದ ಮೇಲೆಯೇ ಸೂರ್ಯ ಮುಳುಗುವುದು, ಆಮೇಲೂ ಕತ್ತಲಾಗುವುದಿಲ್ಲ. ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಇರಲಿ.

ನೀವು ಚಿಂತಿಸಬೇಕಾದ ವಿಷಯ ಒಂದೇ, ಅದನ್ನು ಪ್ರಶ್ನೆಯ ಕೊನೆಗೆ ಇಟ್ಟಿದ್ದೀರಿ: ಈಜು. ಈ ಹಬ್ಬದ ವಾರಾಂತ್ಯದಲ್ಲಿ ಅಲ್ಲಿ ನೀರಿಗೆ ಬಿದ್ದು ಸಾಯುವವರ ಸುದ್ದಿ ವರ್ಷವರ್ಷವೂ ಬರುತ್ತದೆ. ಅವರಲ್ಲಿ ಕುಡಿದು ದೋಣಿ ಹತ್ತಿದವರು, ಕುಡಿದು ಈಜಿದವರು ಬಹಳ. ಜೂನ್‌ನಲ್ಲೂ ಆ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಲೈಫ್ ಜಾಕೆಟ್ ತೊಡದೆ ದೋಣಿ ಹತ್ತಬಾರದು, ಕುಡಿದವರು ಹುಟ್ಟು ಹಿಡಿದ ದೋಣಿಗೆ ಜಾಕೆಟ್ ತೊಟ್ಟೂ ಹತ್ತಬಾರದು, ಸೌನಾದಿಂದ ಬಂದು ಮುಳುಗುವುದಾದರೆ ಏಣಿ ಹಿಡಿದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು. ಇಷ್ಟನ್ನು ಅವಳಿಂದ ಮಾತು ತೆಗೆದುಕೊಳ್ಳಿ. ತುರ್ತು ಕರೆಗೆ 112. ಕಾಡಿನಲ್ಲಿ ಇರುವ ಜಾಗ ಹೇಳುವುದು ಕಷ್ಟ. ‘112 ಸುಓಮಿ’ ಆ್ಯಪ್ ಮೂಲಕ ಕರೆ ಮಾಡಿದರೆ ಅದು ತಾನೇ ಸ್ಥಳ ತಿಳಿಸುತ್ತದೆ. ಹೊರಡುವ ಮುನ್ನ ಮೊಬೈಲಿನಲ್ಲಿ ಹಾಕಿಕೊಳ್ಳಲಿ.

ಪ್ರಶ್ನೆ: ಕೆಲಸದ ಮೇಲೆ ಹೆಲ್ಸಿಂಕಿಗೆ ಹೋಗುತ್ತಿದ್ದೇನೆ. ಯುಹನ್ನುಸ್ ಯಾವ ದಿನ? ದಂಡೆಯಲ್ಲಿ ಉರಿಸುವ ದೊಡ್ಡ ಬೆಂಕಿಯನ್ನು ನೋಡುವ ಆಸೆ.
– ಒಬ್ಬ ಓದುಗ, ಬೆಂಗಳೂರು

ಉತ್ತರ: ಮೊದಲು ಜೂನ್ 24ಕ್ಕೆ ಇತ್ತು. 1955ರಿಂದ ಜೂನ್ 20ರಿಂದ 26ರ ನಡುವೆ ಬರುವ ಶನಿವಾರ. ಆದರೆ ‘ಕೊಕ್ಕೊ’ ಎಂಬ ಆ ಬೆಂಕಿ ಹೊತ್ತಿಸುವುದು ಹಿಂದಿನ ದಿನ, ಶುಕ್ರವಾರ ರಾತ್ರಿ. ಬೇಸಿಗೆ ಒಣಗಿದ್ದು ಕಾಳ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿದ್ದರೆ ಬೆಂಕಿ ಇರುವುದಿಲ್ಲ, ಅದಕ್ಕೆ ಸಿದ್ಧರಾಗಿಯೇ ಹೋಗಿ. ಆ ಎರಡು ದಿನ ನಗರ ಖಾಲಿ, ಅಂಗಡಿಗಳೂ ಅನೇಕ ಮುಚ್ಚಿರುತ್ತವೆ, ಬಸ್ಸುಗಳು ಕಡಿಮೆ. ದಿನಸಿಯನ್ನು ಬುಧವಾರವೇ ತಂದಿಡಿ, ಟಿಕೆಟ್ ಈಗಲೇ ಕಾದಿರಿಸಿ.