ನಮ್ಮ ಕಡೆ ರಾಜಕೀಯವೇ ನೌಕರಿ

ಕಲಬುರಗಿ ಕಡೆಯವರು ಯಾರನ್ನು ಮಾತಾಡಿಸಿದರೂ "ನಾನು ಸಾಹೇಬ್ರ ಕಡೆಯವನು" ಅಂತಾರಲ್ಲ, ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡ್ತಾರೆ ಅಂತ ಕೇಳಿದ್ದೀರಿ. ಅದನ್ನೇ ಮಾಡ್ತಾರೆ ಸರ್. ತಮಾಷೆಗೆ ಹೇಳ್ತಿಲ್ಲ.

ನಾನು ಸೇಡಂ ತಾಲೂಕಿನವನು. ನಮಗೆ ತೆಲಂಗಾಣದ ತಾಂಡೂರು ಹತ್ತಿರ, ಬೆಂಗಳೂರು ಒಂದು ರಾತ್ರಿಯ ದಾರಿ. ತೊಗರಿ ಮಳೆ ನಂಬಿದ ಬೆಳೆ. ಸಿಮೆಂಟ್ ಕಾರ್ಖಾನೆಗಳಿವೆ, ಕಾಯಂ ನೌಕರಿ ಸಿಗೋದು ಕೆಲವರಿಗೆ ಮಾತ್ರ. ಡಿಗ್ರಿ ಮುಗಿಸಿ, ನಾಲ್ಕಾರು ಪರೀಕ್ಷೆ ಬರೆದು, ಪುಣೆಗೋ ಹೈದರಾಬಾದಿಗೋ ಹೋಗಲು ಮನಸ್ಸಿಲ್ಲದ ಹುಡುಗನಿಗೆ ಊರಲ್ಲೇ ಉಳಿದು ನಾಲ್ಕು ಜನರ ಮರ್ಯಾದೆ ಪಡೆಯೋ ಕೆಲಸ ಅಂದ್ರೆ ಇದೊಂದೇ.

ರಾಜಕಾರಣಿ ಅಂದ ಕೂಡಲೇ ನಿಮ್ಮ ಕಣ್ಣಿಗೆ ಎಂಎಲ್‌ಎ ಬರ್ತಾರೆ. ಮೂರು ಜಿಲ್ಲೆ ಸೇರಿಸಿದರೂ ವಿಧಾನಸಭೆ ಸೀಟು 19. ಕಲಬುರಗಿ 9, ಬೀದರ್ 6, ಯಾದಗಿರಿ 4. ಅದರಲ್ಲೂ ಔರಾದ್, ಚಿತ್ತಾಪುರ, ಚಿಂಚೋಳಿ, ಕಲಬುರಗಿ ಗ್ರಾಮೀಣ ಎಸ್‌ಸಿ ಮೀಸಲು, ಸುರಪುರ ಎಸ್‌ಟಿ ಮೀಸಲು. ಆ 19 ಕುರ್ಚಿಯ ಕನಸು ಕಾಣೋರು ಕೆಲವರು. ಉಳಿದ ಸಾವಿರಾರು ಜನ ಅದರ ಕೆಳಗೆ ಬದುಕು ಕಟ್ಟಿಕೊಂಡವರು.

ಅಂಥವರನ್ನು ನೋಡಬೇಕಾದರೆ ಯಾವುದೇ ತಹಸೀಲ್ ಕಚೇರಿ ಎದುರಿನ ಚಹಾ ಅಂಗಡಿಗೆ ಬೆಳಿಗ್ಗೆ ಹೋಗಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಯಾರದೋ ಆಧಾರ್ ಝೆರಾಕ್ಸು, ರೇಷನ್ ಕಾರ್ಡು, ಪಹಣಿ, ಒಬ್ಬ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿ. ಅಜ್ಜಿ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿರ್ತಾಳೆ. ಇವನು ಒಳಗೆ ಹೋಗಿ ಕೇಸ್ ವರ್ಕರ್ ಹತ್ತಿರ ಎರಡು ಮಾತಾಡಿ ಬರ್ತಾನೆ, "ಆಗ್ತದ ಅಮ್ಮ, ಮುಂದಿನ ವಾರ ಬಾ" ಅಂತಾನೆ. ಚಹಾದ ದುಡ್ಡು ಅವನೇ ಕೊಡ್ತಾನೆ. ರಾತ್ರಿ ಎರಡು ಗಂಟೆಗೆ ಊರಿನ ಯಾರಿಗೋ ಎದೆನೋವು ಬಂದರೆ ಗಾಡಿ ಮಾಡಿಸಿ ಕಲಬುರಗಿ ಆಸ್ಪತ್ರೆಗೆ ಕರೆದೊಯ್ಯೋನೂ ಅವನೇ. ಪಂಚಾಯಿತಿ ಚುನಾವಣೆಯಲ್ಲಿ ಅವನ ಭಾಷಣ ಯಾರೂ ಕೇಳಲ್ಲ. ಎಷ್ಟು ಮನೆಗೆ ಹೀಗೆ ಓಡಾಡಿದ್ದಾನೆ ಅನ್ನೋದೇ ಅವನ ಬಂಡವಾಳ. ನಡುವೆ ಅಲ್ಲಿ ಇಲ್ಲಿ ಒಂದಿಷ್ಟು ಕಮಿಷನ್ ಇರ್ತದೆ. ಎಲ್ಲರಿಗೂ ಗೊತ್ತು, ಯಾರೂ ದೊಡ್ಡದು ಮಾಡಲ್ಲ.

ಆಮೇಲೆ ಫ್ಲೆಕ್ಸು. ನೀವು ನಗ್ತೀರಿ, ಆದರೆ ನಮ್ಮಲ್ಲಿ ಅದನ್ನು ಓದೋಕೆ ಬರಬೇಕು. ಸಾಹೇಬ್ರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೆಳಗಡೆ ಒಂದು ಸಾಲು ಸಣ್ಣ ಮುಖಗಳಿರ್ತಾವಲ್ಲ, ಹೊಸಬ ಅಲ್ಲಿಂದ ಶುರು ಮಾಡ್ತಾನೆ. ವರ್ಷ ಕಳೆದಂತೆ ಮುಖ ದೊಡ್ಡದಾಗ್ತಾ ಮೇಲೆ ಏರಬೇಕು. ಒಂದು ದಿನ ಫೋಟೋ ಇದ್ದಕ್ಕಿದ್ದಂತೆ ಕಾಣದೇ ಹೋದರೆ ಊರೆಲ್ಲ ಸುದ್ದಿ, "ಯಾಕ್ರೀ, ಅವರಿಬ್ಬರ ನಡುವೆ ಏನಾತು?" ಫೋಟೋ ಹಾಕಿಸಿಕೊಳ್ಳೋಕೆ ದುಡ್ಡು ಹಂಚಿಕೊಳ್ತಾರೆ, ಯಾರ ಮುಖ ಎಷ್ಟು ಇಂಚು ಅಂತ ಅಂಗಡಿಯಲ್ಲೇ ಜಗಳ ಆಡ್ತಾರೆ.

ಮೊದಲ ನಿಜವಾದ ಮೆಟ್ಟಿಲು ಗ್ರಾಮ ಪಂಚಾಯಿತಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಮೆಂಬರ್, ಪಕ್ಷದ ಚಿಹ್ನೆ ಇಲ್ಲ, ವಯಸ್ಸು 21 ತುಂಬಿದ್ದರೆ ಸಾಕು. ಗೌರವಧನ ಹೆಸರಿಗಷ್ಟೇ. ಆದರೆ ಉದ್ಯೋಗ ಖಾತ್ರಿ ಕೆಲಸ, ಮನೆ ಮಂಜೂರಿ, ಚರಂಡಿ, ಸಿಸಿ ರಸ್ತೆ ಎಲ್ಲ ಇಲ್ಲಿಂದಲೇ ಹಾದು ಹೋಗ್ತದೆ. ಜೊತೆಗೆ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಆರಿಸೋ ಚುನಾವಣೆಯಲ್ಲಿ ಈ ಮೆಂಬರಿಗೂ ಓಟು. ಆರು ವರ್ಷಕ್ಕೊಮ್ಮೆ ದೊಡ್ಡ ದೊಡ್ಡವರು ಇವನ ಮನೆ ಬಾಗಿಲಿಗೆ ಬರ್ತಾರೆ.

ಅಲ್ಲಿಂದ ಮೇಲೆ ಹತ್ತೋಣ ಅಂದ್ರೆ ಮೆಟ್ಟಿಲೇ ಇಲ್ಲ. ತಾಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಪೇಪರಿನಲ್ಲಿ ಇದು ಸಣ್ಣ ಸುದ್ದಿ ಅಲ್ವಾ? ನನ್ನ ಪ್ರಕಾರ ನಮ್ಮ ಕಡೆಯ ರಾಜಕೀಯವನ್ನು ಇದು ಬದಲಾಯಿಸಿದಷ್ಟು ಬೇರೆ ಯಾವುದೂ ಬದಲಾಯಿಸಿಲ್ಲ. ಮೊದಲು ಒಬ್ಬ ಹುಡುಗ ಜಿಲ್ಲಾ ಪಂಚಾಯಿತಿ ಗೆದ್ದು ಬಂದರೆ ಎಂಎಲ್‌ಎ ಎದುರು ಕುರ್ಚಿ ಎಳೆದು ಕೂರ್ತಿದ್ದ, ಹತ್ತಾರು ಹಳ್ಳಿಯ ಜನ ನನ್ನ ಹಿಂದೆ ಇದ್ದಾರೆ ಅಂತ ಧೈರ್ಯವಾಗಿ ಹೇಳ್ತಿದ್ದ. ಈಗ ಉಳಿದಿರೋದು ನಾಮನಿರ್ದೇಶನ. ಸರ್ಕಾರಿ ಜಮೀನು ಸಾಗುವಳಿ ಅರ್ಜಿ ನೋಡೋ ಬಗರ್ ಹುಕುಂ ಸಮಿತಿ, ಮನೆ ಹಂಚೋ ಆಶ್ರಯ ಸಮಿತಿ, ಇಲಾಖೆಗಳ ಕೆಲಸ ಪರಿಶೀಲಿಸೋ ಕೆಡಿಪಿಯ ಮೆಂಬರ್, ಗ್ಯಾರಂಟಿ ಅನುಷ್ಠಾನ ಸಮಿತಿ, ಅದೃಷ್ಟ ಇದ್ದರೆ ಒಂದು ನಿಗಮ. ಇವೆಲ್ಲ ಸಾಹೇಬ್ರ ಮನೆಯಿಂದ ಬರಬೇಕು. ಹಾಗಾಗಿ ಹುಡುಗರು ಜನರ ಮನೆಗೆ ಓಡಾಡೋದು ಬಿಟ್ಟು ಸಾಹೇಬ್ರ ಮನೆ ಗೇಟಿನ ಹತ್ತಿರ ಬೆಳಿಗ್ಗೆ ಎಂಟಕ್ಕೇ ಹೋಗಿ ನಿಲ್ತಾರೆ. ಅವರ ತಪ್ಪು ಅಂತ ನಾನು ಹೇಳಲಾರೆ.

ಹಳೇ ತಲೆಮಾರಿನವರು ಬಂದ ದಾರಿ ಬೇರೆ. ಮಲ್ಲಿಕಾರ್ಜುನ ಖರ್ಗೆಯವರು ಹುಟ್ಟಿದ್ದು ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ, ಓದಿದ್ದು ಕಲಬುರಗಿಯಲ್ಲಿ. ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘ, ಆಮೇಲೆ ವಕೀಲಿಕೆ, ಎಂಎಸ್‌ಕೆ ಬಟ್ಟೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆ, 1969ರಲ್ಲಿ ಕಾಂಗ್ರೆಸ್, 1972ರಲ್ಲಿ ಗುರುಮಠಕಲ್‌ನಿಂದ ಶಾಸಕ. ಮೊದಲ ಸೋಲು 2019ರ ಲೋಕಸಭೆಯಲ್ಲಿ. ಸೋಲಿಸಿದ ಡಾ. ಉಮೇಶ ಜಾಧವ್ ಚುನಾವಣೆಗೆ ಕೆಲವೇ ವಾರ ಮೊದಲು ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದ ಶಾಸಕ.

ಧರ್ಮಸಿಂಗ್ ಅವರದು ಇನ್ನೂ ಸ್ವಾರಸ್ಯ. ಜೇವರ್ಗಿಯಲ್ಲಿ ತಮ್ಮ ಜಾತಿಯ ಓಟು ನಂಬಿ ಗೆಲ್ಲೋ ಹಾಗೇ ಇರಲಿಲ್ಲ, ರಜಪೂತರು ಅಷ್ಟು ಕಡಿಮೆ. 1980ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಗೆದ್ದರು. ಆದರೆ ದೆಹಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ ಕಾಂಗ್ರೆಸ್ ನಾಯಕ ಸಿ.ಎಂ. ಸ್ಟೀಫನ್ ಅವರಿಗೆ ಆ ಸೀಟು ಬಿಟ್ಟುಕೊಟ್ಟರು. ಗೆದ್ದ ಸೀಟು ಸರ್! ಕೇರಳದವರು ಇಲ್ಲಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು. ಧರ್ಮಸಿಂಗ್ ಮುಖ್ಯಮಂತ್ರಿಯಾದದ್ದು 2004ರಲ್ಲಿ. ಟಿಕೆಟ್ ಸಿಗದೆ ಮುನಿಸಿಕೊಂಡ ಹುಡುಗರಿಗೆ ನಮ್ಮ ಕಡೆ ಹಿರಿಯರು ಇದೇ ಕಥೆ ಹೇಳಿ ಸಮಾಧಾನ ಮಾಡ್ತಾರೆ. 2008ರಲ್ಲಿ ಅದೇ ಜೇವರ್ಗಿಯಲ್ಲಿ ಅವರು 70 ಓಟಿನಿಂದ ಸೋತ ಕಥೆಯನ್ನು ಮಾತ್ರ ಹೇಳಲ್ಲ.

ಈಗಿನ ಹೆಸರುಗಳನ್ನು ನೋಡಿದರೆ ಮನೆತನದ ಮಾತು ಬೇರೆ ಹೇಳಬೇಕಾಗಿಲ್ಲ. 2024ರ ಲೋಕಸಭೆಯಲ್ಲಿ ಕಲಬುರಗಿಯಿಂದ ಗೆದ್ದವರು ಖರ್ಗೆಯವರ ಅಳಿಯ. ಬೀದರ್‌ನಿಂದ ಗೆದ್ದ ಸಾಗರ್ ಖಂಡ್ರೆ ಅವರಿಗೆ ಆಗ 26 ವಯಸ್ಸು. ತಂದೆ ಆಗ ಮಂತ್ರಿ, ಅಜ್ಜ ಮಾಜಿ ಮಂತ್ರಿ ಭೀಮಣ್ಣ ಖಂಡ್ರೆ. ಬಿಜೆಪಿಯಲ್ಲೂ ಅಷ್ಟೇ, ಜಾಧವ್ ಬಿಟ್ಟ ಚಿಂಚೋಳಿಯಲ್ಲಿ ಉಪಚುನಾವಣೆ ಗೆದ್ದದ್ದು ಅವರ ಮಗ.

ಬೀದರ್ ಕಡೆ ಇನ್ನೊಂದು ಬಾಗಿಲಿದೆ, ಸಹಕಾರ. ಅಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆ, ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕು. ಸೊಸೈಟಿ ಡೈರೆಕ್ಟರ್ ಆದವನ ಕೈಲಿ ರೈತರ ಸಾಲ ಇರ್ತದೆ. ಇದು ಮಹಾರಾಷ್ಟ್ರದ ಗಾಳಿ. ಔರಾದ್, ಭಾಲ್ಕಿಯಲ್ಲಿ ಮರಾಠಿ ಬರದಿದ್ದರೆ ಪ್ರಚಾರ ಕಷ್ಟ, ನಗರಕ್ಕೆ ಬಂದರೆ ದಖನಿ ಉರ್ದು ಬೇಕು. ನಮ್ಮ ಸೇಡಂ, ಗುರುಮಠಕಲ್ ಅಂಚಿನಲ್ಲಿ ತೆಲುಗು. ಭಾಷೆಯ ಜಗಳ ಟಿವಿಯಲ್ಲಿ ನಡೀತದೆ, ಓಟು ಕೇಳೋನು ಮಾತ್ರ ಮೂರೂ ಭಾಷೆಯಲ್ಲಿ "ಅಣ್ಣ" ಅಂತಾನೆ.

ಯಾದಗಿರಿ ಕಡೆ ಹೋದರೆ ಮೇಸ್ತ್ರಿಯನ್ನು ನೋಡಬೇಕು. ಬೆಂಗಳೂರು, ಪುಣೆ, ಮುಂಬೈಗೆ ಗಾರೆ ಕೆಲಸಕ್ಕೆ ಜನ ಕರೆದೊಯ್ಯೋ ಮನುಷ್ಯ. ಮುಂಗಡ ಕೊಟ್ಟವನು ಅವನು, ಫೋನ್ ಮಾಡಿದರೆ ಎತ್ತೋದು ಅವನದೇ. ಓಟಿನ ಹಿಂದಿನ ದಿನ ಕ್ರೂಸರ್, ಟೆಂಪೊ ಮಾಡಿಸಿ ಅವರನ್ನು ಊರಿಗೆ ತರೋನೂ ಅವನೇ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2018ರಲ್ಲಿ ಗೆಲುವಿನ ಅಂತರ 697 ಓಟು. ಅಂಥ ಕಡೆ ನಾಲ್ಕು ಟೆಂಪೊ ಜನ ಬರ್ತಾರೋ ಇಲ್ಲವೋ ಅನ್ನೋದು ಎಷ್ಟು ದೊಡ್ಡ ಮಾತು ನೋಡಿ. ಈ ಮೇಸ್ತ್ರಿಗಳಲ್ಲಿ ಚುರುಕಾದವರು ಮುಂದೆ ಗುತ್ತಿಗೆದಾರರಾಗ್ತಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚೆಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗ್ತಿದೆ. ಶಾಲೆ ಕೋಣೆ, ರಸ್ತೆ, ಸೇತುವೆ, ಏನಾದರೊಂದು ಕಾಮಗಾರಿ ಇದ್ದೇ ಇರ್ತದೆ. ಕಾಮಗಾರಿಯಿಂದ ದುಡ್ಡು, ದುಡ್ಡಿನಿಂದ ಟಿಕೆಟ್.

ದುಡ್ಡಿನ ಮಾತು ಬಂತು. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಅದು ಆಯೋಗಕ್ಕೆ ತೋರಿಸೋ ಲೆಕ್ಕ, ಅಷ್ಟೇ ಹೇಳ್ತೀನಿ. ಸೋತವರ ಹೊಲ ಯಾರ ಹೆಸರಿಗೆ ಹೋಯ್ತು ಅಂತ ನಮ್ಮೂರ ಕಟ್ಟೆ ಮೇಲೆ ಕೂತವರಿಗೆ ಗೊತ್ತಿರ್ತದೆ.

ಮನೆತನ ಇಲ್ಲದವರು, ದುಡ್ಡಿಲ್ಲದವರು ಮೇಲೆ ಬರಬಹುದಾ ಅಂತಲೂ ಕೇಳಿದ್ದೀರಿ. ಬರಬಹುದು, ಹೆಚ್ಚಾಗಿ ಮೀಸಲಾತಿ ಪಟ್ಟಿಯ ಪುಣ್ಯದಿಂದ. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ, ಅಧ್ಯಕ್ಷ ಸ್ಥಾನದ ಮೀಸಲು ಎರಡೂವರೆ ವರ್ಷಕ್ಕೆ ಬದಲು. ಪಟ್ಟಿ ಬಂದ ದಿನ ಊರ ಲೀಡರ್ ಹೆಂಡತಿಯ ಹೆಸರಲ್ಲಿ ಅರ್ಜಿ ಹಾಕಿಸ್ತಾನೆ, ಗೆದ್ದ ಮೇಲೆ ತಾನೇ ಹೋಗಿ ಕುರ್ಚಿಯಲ್ಲಿ ಕೂರ್ತಾನೆ. ಇದು ಮಾಮೂಲು. ಆದರೆ ದುಡ್ಡು ಬಿಡುಗಡೆಗೆ ಅವಳ ಸಹಿಯೂ ಬೇಕು. ನಮ್ಮ ಪಕ್ಕದೂರಿನ ಒಬ್ಬಾಕೆ ಒಂದು ವರ್ಷ ಗಂಡ ಹೇಳಿದ ಕಡೆ ಸಹಿ ಹಾಕಿದಳು. ಆಮೇಲೆ ಬಿಲ್ ಓದಿ ತೋರಿಸಿ ಅಂತ ಪಂಚಾಯಿತಿ ಅಧಿಕಾರಿ ಪಿಡಿಒಗೆ ಕೇಳೋಕೆ ಶುರು ಮಾಡಿದಳು. ಗಂಡ ಈಗ ಹೊರಗೆ ಬೈಕ್ ಮೇಲೆ ಕಾಯ್ತಾನೆ. ಜಿಲ್ಲಾ ಪಂಚಾಯಿತಿ ಚುನಾವಣೆ ಬಂದರೆ ನಿಲ್ತೀಯಾ ಅಂತ ಕೇಳಿದ್ದಕ್ಕೆ, "ಮೊದಲು ಅವು ಚುನಾವಣೆ ಮಾಡ್ಲಿ ತಗೋರಿ" ಅಂದಳು.