ಆರು ತಿಂಗಳ ಮಗು ನಿದ್ದೆಯಿಂದೆದ್ದ ಕೂಡಲೇ ಮತ್ತೆ ಮತ್ತೆ ಮುದುಡುತ್ತದೆ. ಅಜ್ಜಿ ಹೊಟ್ಟೆನೋವು ಎನ್ನುತ್ತಾರೆ. ನಿಜವೇ? (ಶಿರಸಿ)

ಹೊಟ್ಟೆನೋವೆಂದು ಬಿಡಬೇಡಿ. ಇದು ವೆಸ್ಟ್ ಸಿಂಡ್ರೋಮ್ ಎಂಬ ಅಪರೂಪದ ಶಿಶು ಅಪಸ್ಮಾರವಿರಬಹುದು. ಇಂದು, ತಪ್ಪಿದರೆ ನಾಳೆಯೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ.

ಇದರಲ್ಲಿ ಮಗು ಸೆಟೆದು ಬೀಳುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಅದಕ್ಕೇ ಮನೆಯವರಿಗೆ ತಿಳಿಯದೆ ಹೋಗುತ್ತದೆ. ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಮೇಲೇಳುತ್ತವೆ, ಒಂದೆರಡು ಸೆಕೆಂಡಿನಲ್ಲಿ ಮೈ ಸಡಿಲವಾಗುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಹೀಗೆ ಸಾಲಾಗಿ ಹತ್ತಾರು ಸಲ. ಹೊಟ್ಟೆನೋವು ಹೀಗೆ ತಾಳ ಹಾಕಿದಂತೆ ಬರುವುದಿಲ್ಲ. ಮಗು ಮೊದಲಿನಂತೆ ನಗುತ್ತಿಲ್ಲ, ಮುಖ ನೋಡುತ್ತಿಲ್ಲ ಎಂದಾದರೆ ಅನುಮಾನ ಇನ್ನೂ ಗಟ್ಟಿ.

ಅವಸರವೇಕೆಂದರೆ, ಸೆಳೆತವಿಲ್ಲದ ಹೊತ್ತಿನಲ್ಲೂ ಮಿದುಳಿನ ವಿದ್ಯುತ್ ಲಯ ಅಸ್ತವ್ಯಸ್ತವಾಗಿರುತ್ತದೆ. ಆ ಗದ್ದಲದಲ್ಲಿ ಮಗುವಿನ ಕಲಿಕೆ ನಿಲ್ಲುತ್ತದೆ, ಕಲಿತದ್ದೂ ಜಾರುತ್ತದೆ. ಮಿದುಳಿನ ವಿದ್ಯುತ್ತನ್ನು ದಾಖಲಿಸುವ, ನಿದ್ದೆಯನ್ನೂ ಒಳಗೊಂಡ ಇಇಜಿ ಪರೀಕ್ಷೆಯಲ್ಲಿ ಇದು ಕಾಣುತ್ತದೆ. 1841ರಲ್ಲಿ ಇದನ್ನು ಮೊದಲು ವಿವರಿಸಿದ ಇಂಗ್ಲೆಂಡಿನ ವೈದ್ಯ ವೆಸ್ಟ್ ಬರೆದದ್ದು ತನ್ನ ಸ್ವಂತ ಮಗನ ಬಗ್ಗೆ. ಆಗ ವೆಸ್ಟ್ ಕೈಯಲ್ಲಿ ಫಲ ಕೊಡುವ ಔಷಧವಿರಲಿಲ್ಲ. ಈಗ ಎಸಿಟಿಎಚ್ ಹಾರ್ಮೋನಿನ ಚುಚ್ಚುಮದ್ದು, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ವಿಗಾಬ್ಯಾಟ್ರಿನ್ ಎಂಬ ಅಪಸ್ಮಾರದ ಔಷಧ ಇವೆ. ಬೇಗ ಶುರುವಾದಷ್ಟೂ ಫಲ ಹೆಚ್ಚು. ಸ್ಟೀರಾಯ್ಡನ್ನಂತೂ ನೀವಾಗಿ ತಟ್ಟನೆ ನಿಲ್ಲಿಸಬಾರದು.

ಮುಂದಿನ ಸಲ ಮಗು ನಿದ್ದೆಯಿಂದ ಏಳುವಾಗ ಮೊಬೈಲಿನಲ್ಲಿ ಈ ಮುದುಡುವಿಕೆಯ ಪೂರ್ತಿ ಸಾಲನ್ನು ಚಿತ್ರೀಕರಿಸಿ. ವೈದ್ಯರಿಗೆ ನಿಮ್ಮ ವರ್ಣನೆಗಿಂತ ಅದೇ ಹೆಚ್ಚು ಹೇಳುತ್ತದೆ. ಬಜೆ ತೇಯ್ದು ನೆಕ್ಕಿಸುತ್ತಾ ವಾರ ಕಳೆಯಬೇಡಿ. ಮಕ್ಕಳ ನರರೋಗ ತಜ್ಞರಿಗಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದರೆ ದಾರಿ ದೂರವೆಂದು ಮುಂದೂಡಬೇಡಿ.