ಕಚೇರಿ ನೌಕರರ ಫೋಟೋ ಹಸಿರಾಗಿ, ಬಿಗಿಯಾಗಿ ಬರುತ್ತಿದ್ದರೆ

ಸರ್ಕಾರಿ ನೌಕರರನ್ನು ಅವರವರ ಮೇಜಿನಲ್ಲೇ ಫೋಟೋ ತೆಗೆದರೆ ಮುಖ ಹಸಿರಾಗಿ, ಭಂಗಿ ಬಿಗಿಯಾಗಿ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮುಖ ಹಸಿರಾಗಲು ಟ್ಯೂಬ್‌ಲೈಟೇ ಕಾರಣ. ರಾಯಚೂರಿನ ತಾಲೂಕು ಕಚೇರಿಯಲ್ಲಿ ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ಕೂತಂತೆ ಕೂತರು ಅಂದಿರಲ್ಲ, ಅದು ಬಹುಶಃ ನೀವು ಮೊದಲೇ ಹೇಳಿ ಹೋಗಿದ್ದರಿಂದ.

ಮೊದಲು ತಹಶೀಲ್ದಾರರ ಅನುಮತಿ ಪತ್ರ ತೆಗೆದುಕೊಳ್ಳಿ. ಆದರೆ ಯಾವತ್ತು ಬರುತ್ತೀರಿ ಅಂತ ಸಿಬ್ಬಂದಿಗೆ ಹೇಳಬೇಡಿ. ಡಚ್ ಛಾಯಾಗ್ರಾಹಕ ಯಾನ್ ಬ್ಯಾನಿಂಗ್ ಎಂಟು ದೇಶಗಳ ಸರ್ಕಾರಿ ನೌಕರರನ್ನು ಹೀಗೇ ತೆಗೆದದ್ದು. ನಮ್ಮ ಬಿಹಾರದವರೂ ಅದರಲ್ಲಿದ್ದಾರೆ. ಹೇಳದೆ ಒಳಗೆ ಹೋಗುವುದು, ಜೊತೆಗಿದ್ದ ಬರಹಗಾರ ಮಾತಿಗೆಳೆಯುವುದು. ಮೇಜು ಒಪ್ಪ ಮಾಡಲು ಪುರುಸೊತ್ತೇ ಇಲ್ಲ! ನೀವೂ ಒಬ್ಬ ಮಾತುಗಾರ ಗೆಳೆಯನನ್ನು ಕರೆದುಕೊಂಡು ಹೋಗಿ.

ಆಮೇಲೆ ಕೇಳಿಕೊಂಡು ಆ ಮೂಲೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಬೆಳಕಲ್ಲೇ ತೆಗೆಯಿರಿ. ಬೆಳಕು ಸಾಲದಿದ್ದರೆ ಟ್ರೈಪಾಡ್ ಹಾಕಿ ಶಟರ್ ವೇಗ 1/15 ಸೆಕೆಂಡ್ ಇಟ್ಟು ನೋಡಿ. ಫ್ಯಾನ್ ಮಾತ್ರ ನಿಲ್ಲಿಸಬೇಡಿ. ಬಳ್ಳಾರಿ ಬಿಸಿಲಲ್ಲಿ ನಿಲ್ಲಿಸಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಕ್ಯಾಮೆರಾ ಅರ್ಜಿ ಹಿಡಿದು ನಿಂತವನ ಕಣ್ಣಿನ ಎತ್ತರಕ್ಕಿರಲಿ, ಮೇಜಿನ ಅಂಚು ಫ್ರೇಮಿಗೆ ಸಮವಾಗಿರಲಿ. ಜೂಮ್ ಬೇಡ, ಸ್ವಲ್ಪ ಹಿಂದೆ ಸರಿಯಿರಿ. ಕೆಂಪು ಬಟ್ಟೆಯ ಕಡತದ ಗಂಟು, ಒಣಗಿದ ಸ್ಟಾಂಪ್ ಪ್ಯಾಡ್, ಅದರ ಪಕ್ಕದ ಟಿಫಿನ್ ಡಬ್ಬಿ, ಇವೇ ಮುಖದಷ್ಟು ಮಾತಾಡುತ್ತವೆ. ಪಹಣಿ, ಆಧಾರ್ ಪ್ರತಿಗಳು ಕಾಣುತ್ತಿದ್ದರೆ ಮಾತ್ರ ಮಗುಚಿಡಲು ಹೇಳಿ.